ಹನಿ ಬೀಳೋ ಜಾಗ, ನೀರು ನುಗ್ಗೋ ಜಾಗ

ಮಾರ್ಚ್ ಬಂತು ಅಂದ್ರೆ ನಮ್ಮ ಡಾಲಸ್ ಕಡೆ ಜನ ಆಕಾಶ ನೋಡೋಕೆ ಶುರು ಮಾಡ್ತಾರೆ. ಮಧ್ಯಾಹ್ನ ಮೈ ಅಂಟೋ ಸೆಕೆ, ಸಂಜೆ ಹೊತ್ತಿಗೆ ಪಡುವಣದಲ್ಲಿ ಮೋಡ ಹಸಿರುಗಪ್ಪಾಗುತ್ತೆ, ಫೋನುಗಳು ಒಟ್ಟಿಗೆ ಕಿರುಚ್ಕೊಳ್ತವೆ, ಕಾರು ಒಳಗೆ ಹಾಕಿ ಅಂತ ಪಕ್ಕದ ಮನೆಯವ್ರು ಮೆಸೇಜ್ ಮಾಡ್ತಾರೆ, ಆಮೇಲೆ ಹತ್ತು ನಿಮಿಷ ಸೂರಿನ ಮೇಲೆ ಯಾರೋ ಜಲ್ಲಿ ಲಾರಿ ಸುರುವಿದ ಸದ್ದು. ಆಲಿಕಲ್ಲು. ನಿಂಬೆಹಣ್ಣಿನ ಗಾತ್ರದ್ದು ಬಿದ್ರೂ ಇಲ್ಲಿ ಯಾರೂ ಬೆರಗಾಗಲ್ಲ. ಜೂನ್ ತನಕ ಹಿಂಗೇ. ಮಳೆ ನಿಂತ ಮಾರನೇ ಬೆಳಿಗ್ಗೆಯಿಂದ ನನ್ನ ಸ್ಟೂಡೆಂಟ್ಸ್ ಕೆಲಸ ಶುರು.

ನಾನು ಮನೆ ಇನ್ಶೂರೆನ್ಸ್ ಕ್ಲೈಮ್ ಅಡ್ಜಸ್ಟರ್‌ಗಳಿಗೆ ಟ್ರೈನಿಂಗ್ ಕೊಡ್ತೀನಿ. ಊರಿಗೆ ಹೋದಾಗ ಏನಪ್ಪಾ ಕೆಲಸ ಅಂತ ಯಾರಾದ್ರೂ ಕೇಳಿದ್ರೆ ವಿವರಿಸೋಕೆ ಸ್ವಲ್ಪ ಹೊತ್ತು ಬೇಕು, ಯಾಕಂದ್ರೆ ನಮ್ಮಲ್ಲಿ ಕಾರಿಗೆ ಡ್ಯಾಮೇಜ್ ಆದಾಗ ಬಂದು ನೋಡೋ ಸರ್ವೇಯರ್ ಎಲ್ರಿಗೂ ಗೊತ್ತು, ಮನೆ ನೋಡೋಕೆ ಬರೋ ಸರ್ವೇಯರನ್ನ ಕಂಡವ್ರು ಬಹಳ ಕಮ್ಮಿ. ಇಲ್ಲಿ ಅಮೆರಿಕಾದಲ್ಲಿ ಲೋನ್ ಇರೋ ಮನೆಗೆ ಬ್ಯಾಂಕಿನವ್ರೇ ಇನ್ಶೂರೆನ್ಸ್ ಮಾಡ್ಸು ಅಂತಾರೆ, ಹಂಗಾಗಿ ಹೆಚ್ಚುಕಮ್ಮಿ ಎಲ್ಲಾ ಮನೆಗೂ ಪಾಲಿಸಿ ಇರುತ್ತೆ. ಗಾಳಿಗೆ ಸೂರು ಹಾರಿದ್ರೆ, ಪೈಪ್ ಒಡೆದು ಸೀಲಿಂಗ್ ಬಿದ್ರೆ, ಅಡಿಗೆಮನೆಗೆ ಬೆಂಕಿ ಬಿದ್ರೆ ಕಂಪನಿ ಒಬ್ಬರನ್ನ ಕಳಿಸುತ್ತೆ. ಅವ್ರು ಮನೆಗೆ ಹೋಗಿ ನೋಡ್ಬೇಕು, ಅಳೀಬೇಕು, ಏನಾಯ್ತು ಯಾಕಾಯ್ತು ಅಂತ ತಿಳ್ಕೋಬೇಕು, ಪಾಲಿಸಿಯಲ್ಲಿ ಅದಕ್ಕೆ ಜಾಗ ಇದೆಯಾ ಓದ್ಬೇಕು, ರಿಪೇರಿಗೆ ಎಷ್ಟಾಗುತ್ತೆ ಲೆಕ್ಕ ಹಾಕ್ಬೇಕು, ಆಮೇಲೆ ಆ ಮನೆಯವರ ಎದುರು ಕೂತು ಅಷ್ಟನ್ನೂ ಅವ್ರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು. ಆರು ಕೆಲಸ, ಒಬ್ಬ ಮನುಷ್ಯ. ಅದರಲ್ಲಿ ಮೊದಲನೇದು, ನೋಡೋದು, ಕಲಿಸೋಕೆ ಅತಿ ಕಷ್ಟದ್ದು ಅಂತ ನಂಗೆ ಗೊತ್ತಾಗಿದ್ದು ನಿಧಾನಕ್ಕೆ.

ನೋಡೋದನ್ನ ನಂಗೆ ಕಲಿಸಿದ್ದು ಟೆಕ್ಸಸ್ ಅಲ್ಲ, ತೀರ್ಥಹಳ್ಳಿ ಕಡೆ ನಮ್ಮ ಹಂಚಿನ ಮನೆ. ಮಳೆಗಾಲಕ್ಕೆ ಮುಂಚೆ, ಮೇ ಕೊನೆ ವಾರ, ಹಂಚು ಕೈಯಾಡಿಸೋಕೆ ಒಬ್ರು ಅಜ್ಜ ಬರ್ತಿದ್ರು. ಹಿಂದಿನ ವರ್ಷ ಎಲ್ಲಿ ಸೋರ್ತು ಅಂತ ಅಪ್ಪ ಸೆಗಣಿ ಸಾರಿಸಿದ ನೆಲದ ಮೇಲಿನ ಗುಳಿ ತೋರಿಸೋರು, ಅಜ್ಜ ಆ ಗುಳಿ ಒಂದ್ಸಲ ನೋಡಿ, ಅದರ ನೇರಕ್ಕೆ ಮೇಲಿರೋ ಹಂಚನ್ನ ಮುಟ್ಟೋದೇ ಇಲ್ಲ. ಎರಡು ಮಾರು ಮೇಲಕ್ಕೆ ಹೋಗಿ ಚೆಂಬಲ್ಲಿ ನೀರು ಹುಯ್ದು ಕಾಯೋರು, ನಾನು ಕೆಳಗೆ ನಿಂತು ಬಂತು ಬಂತು ಅಂತ ಕೂಗ್ಬೇಕು. ನೀರು ಒಡೆದ ಹಂಚಲ್ಲಿ ಒಳಗೆ ಬಂದು ರೀಪು ಹಿಡ್ಕೊಂಡು ಹರಿದು, ಪಕಾಸಿನ ಮೇಲೆ ಇಳಿದು, ಗಂಟು ಸಿಕ್ಕಿದ ಕಡೆ ತೊಟ್ಟಿಕ್ಕುತ್ತೆ. ಹನಿ ಬೀಳೋ ಜಾಗ ನೋಡಿ ಹಂಚು ತೆಗೆದ್ರೆ ಇರೋ ಒಳ್ಳೇ ಹಂಚೂ ಒಡೀತೀಯ ಮಾಣಿ, ನೀರು ನುಗ್ಗೋ ಜಾಗ ಬೇರೆ ಇರುತ್ತೆ, ಅಂತಿದ್ರು. ನಾನು ಆಮೇಲೆ ಸಿವಿಲ್ ಎಂಜಿನಿಯರಿಂಗ್ ಓದಿ, ಸೈಟ್ ಕೆಲಸ ಮಾಡಿ, 2009ರಲ್ಲಿ ಇಲ್ಲಿಗೆ ಬಂದು, 2012ರಲ್ಲಿ ಅಡ್ಜಸ್ಟರ್ ಆದೆ. ಈಗ ಕ್ಲಾಸಿನ ಮೊದಲ ದಿನ ಆ ಚೆಂಬಿನ ಕಥೆ ಹೇಳ್ದೆ ನಾನು ಶುರು ಮಾಡಲ್ಲ.

ಟೆಕ್ಸಸಲ್ಲಿ ಲೈಸೆನ್ಸ್ ಸಿಗೋದು ಅಷ್ಟೇನೂ ಕಷ್ಟ ಇಲ್ಲ. 40 ಗಂಟೆಯ ಒಂದು ಕೋರ್ಸ್, ಅದರ ಕೊನೆಗೆ ಪರೀಕ್ಷೆ, ಬೆರಳಚ್ಚು, ಅರ್ಜಿ, ಅಷ್ಟೇ. ಆಮೇಲೆ ಎರಡು ವರ್ಷಕ್ಕೊಮ್ಮೆ 24 ಗಂಟೆ ಮುಂದುವರಿದ ಕಲಿಕೆ. ಆ 40 ಗಂಟೆಯಲ್ಲಿ ಪಾಲಿಸಿ ಭಾಷೆ ಬರುತ್ತೆ, ಕಾನೂನಿನ ಗಡುವು ಬರುತ್ತೆ. ಕ್ಲೈಮ್ ನೋಟಿಸ್ ಬಂದ 15 ದಿನದೊಳಗೆ ಮನೆಯವ್ರಿಗೆ ಉತ್ತರ ಕೊಟ್ಟು ತನಿಖೆ ಶುರು ಮಾಡ್ಬೇಕು, ಬೇಕಾದ ಕಾಗದ ಎಲ್ಲಾ ಕೈಗೆ ಬಂದ ಮೇಲೆ 15 ಕೆಲಸದ ದಿನದಲ್ಲಿ ಒಪ್ತೀವೋ ಇಲ್ವೋ ಹೇಳ್ಬೇಕು, ಕೊಡ್ತೀವಿ ಅಂದ ಮೇಲೆ 5 ಕೆಲಸದ ದಿನದಲ್ಲಿ ದುಡ್ಡು ಹೋಗ್ಬೇಕು. ಇದೆಲ್ಲಾ ಬಾಯಿಪಾಠ ಆಗುತ್ತೆ. ಆದ್ರೆ ಏಣಿ ಹತ್ತದೇ ಇರೋ ಮನುಷ್ಯನಿಗೂ ಲೈಸೆನ್ಸ್ ಸಿಗುತ್ತೆ, ಅದು ನಂಗೆ ಇವತ್ತಿಗೂ ಕಳವಳದ ವಿಷಯ.

ನಮ್ಮ ಟ್ರೈನಿಂಗ್ ಜಾಗದಲ್ಲಿ ಗೋಡೌನ್ ಒಳಗೆ ಒಂದು ಪುಟ್ಟ ಮನೆ ಕಟ್ಟಿದೀವಿ. ಒಂದು ಬೆಡ್‌ರೂಮು, ಒಂದು ಅಡಿಗೆಮನೆ, ಮೇಲೆ ಇಲ್ಲಿ ಹಂಚಿನ ಬದಲು ಹಾಕೋ ನಿಜವಾದ ಶಿಂಗಲ್ ಹೊದಿಸಿದ ಅರ್ಧ ಸೂರು, ಅಟ್ಟಕ್ಕೆ ಹೋಗೋಕೆ ಮಡಚೋ ಏಣಿ. ಸೀಲಿಂಗಲ್ಲಿ ಒಂದು ಕಂದು ಕಲೆ ನಾವೇ ಮಾಡಿಟ್ಟಿದೀವಿ. ಹೊಸ ಬ್ಯಾಚ್ ಬಂದ ದಿನ ಒಬ್ಬೊಬ್ಬರಿಗೂ ಒಂದು ಹಾಳೆ ಕೊಡ್ತೀನಿ, ಮಧ್ಯೆ ಒಂದು ಗೆರೆ. ಎಡಕ್ಕೆ ಕಂಡದ್ದು, ಬಲಕ್ಕೆ ಅನ್ಕೊಂಡದ್ದು. ಇಪ್ಪತ್ತು ನಿಮಿಷ ಟೈಮು. ಹಾಳೆ ವಾಪಸ್ ಬಂದಾಗ ನೋಡಿದ್ರೆ ಬಹಳ ಜನ ಎಡಗಡೆ ಏನು ಬರೆದಿರ್ತಾರೆ ಗೊತ್ತಾ, ಸೂರು ಸೋರಿದೆ ಅಂತ. ಸೂರು ಸೋರಿದ್ದನ್ನ ಅಲ್ಲಿ ಯಾರೂ ಕಂಡಿಲ್ಲ. ಕಂಡದ್ದು ಇಷ್ಟು: ಸೀಲಿಂಗ್ ಮೇಲೆ ಕಲೆ, ಅಗಲ ಸುಮಾರು 14 ಇಂಚು, ಅಂಚು ಗಾಢ, ಒಳಗೆ ಒಂದರೊಳಗೊಂದು ಮೂರು ಉಂಗುರ, ಮುಟ್ಟಿದ್ರೆ ಒಣಗಿದೆ, ಮೀಟರ್ ತೇವ ತೋರಿಸ್ತಿಲ್ಲ. ಉಂಗುರ ಮೂರಿದ್ರೆ ಮೂರು ಸಲ ನೆನೆದು ಮೂರು ಸಲ ಒಣಗಿರಬಹುದು, ಅಂದ್ರೆ ಮೊನ್ನೆ ಬಂದ ಗಾಳಿಮಳೆಯ ಒಂದೇ ಏಟಿಗೆ ಆದದ್ದು ಅನ್ನೋಕೆ ಅವಸರ ಬೇಡ. ಹಂಗಂತ ಹಳೇದು, ದುಡ್ಡಿಲ್ಲ ಅಂತ ಬರೆಯೋಕೂ ಅವಸರ ಬೇಡ. ಅಟ್ಟಕ್ಕೆ ಹೋಗು. ಅಲ್ಲಿ ಎಸಿ ಪೈಪಿನ ಬೆವರು ತೊಟ್ಟಿಕ್ಕಿದ ಗುರುತು ಕಾಣುತ್ತೆ, ಸೂರಿನ ಹಲಗೆ ಬೂದಿ ಹಾಗೆ ಒಣಗಿರುತ್ತೆ. ಅಟ್ಟಕ್ಕೆ ಹತ್ತಿದವ್ರು ಪ್ರತಿ ಬ್ಯಾಚಲ್ಲೂ ಮೂರೋ ನಾಲ್ಕೋ ಜನ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲಿ ಹೇಳ್ತಾರಲ್ಲ, ಇದನ್ನ ನಾನು ಇಂಗ್ಲಿಷಲ್ಲಿ ಹೇಳೋಕೆ ಹೋಗಿ ಅದರ ಜೀವ ಹೋಗುತ್ತೆ ಅನ್ನಿಸಿ ಬಿಟ್ಟಿದೀನಿ. ಬೋರ್ಡ್ ಮೇಲೆ ಕನ್ನಡದಲ್ಲೇ ಬರೆದು ಅರ್ಥ ಹೇಳ್ತೀನಿ. ವರ್ಷಗಳ ಹಿಂದೆ ನನ್ನ ಕೈಲಿ ಕಲಿತ ಒಬ್ಬ ಹುಡುಗ, ಒಕ್ಲಹೋಮದವ್ನು, ಅದರ ಫೋಟೋ ತೆಗೆದು ತನ್ನ ಟ್ರಕ್ಕಿನ ಡ್ಯಾಶ್‌ಬೋರ್ಡಿಗೆ ಅಂಟಿಸ್ಕೊಂಡಿದಾನೆ.

ಎರಡನೇ ದಿನ ಏಣಿ. ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ಆಚೆ, ಸೂರಿನ ಅಂಚಿಗಿಂತ ಮೂರು ಅಡಿ ಮೇಲಕ್ಕೆ ಏಣಿ ಚಾಚಿರ್ಬೇಕು, ಗಾಳಿ ಜೋರಿದ್ರೆ ಹತ್ತೋದೇ ಬೇಡ, ಬೆಳಿಗ್ಗೆ ಇಬ್ಬನಿ ಆರೋ ತನಕ ಕಾಯಿ. ಇದರಲ್ಲಿ ನಾನು ಯಾರ ಜೊತೆಗೂ ವಾದ ಮಾಡಲ್ಲ.

ಆಮೇಲೆ ಸೂರು. ಇಲ್ಲಿನ ಮನೆಗಳಿಗೆ ಹಂಚಿಲ್ಲ, ಡಾಂಬರು ಬಳಿದ ಫೈಬರ್‌ಗ್ಲಾಸ್ ಹಾಳೆ, ಅದರ ಮೇಲೆ ಸಾಸಿವೆ ಗಾತ್ರದ ಕಲ್ಲಿನ ಹರಳು ಅಂಟಿಸಿರ್ತಾರೆ. ಅದೇ ಶಿಂಗಲ್. ಹರಳು ಬಿಸಿಲಿಗೆ ಅಡ್ಡ ನಿಂತು ಡಾಂಬರನ್ನ ಕಾಪಾಡುತ್ತೆ. ಆಲಿಕಲ್ಲು ಜೋರಾಗಿ ಬಿದ್ರೆ ಆ ಜಾಗದ ಹರಳು ಒಳಗೆ ಕೂರುತ್ತೆ ಇಲ್ಲ ಉದುರುತ್ತೆ, ಕೆಳಗಿನ ಹಾಳೆ ಬಿರಿಯುತ್ತೆ. ಕಣ್ಣಿಗೆ ಒಂದು ಕಪ್ಪು ಚುಕ್ಕೆ ಅಷ್ಟೇ, ಕೈಗೆ ಗೊತ್ತಾಗುತ್ತೆ: ಮಾಗಿದ ಸಪೋಟ ಒತ್ತಿದ ಹಾಗೆ ಮೆತ್ತಗೆ ತಗ್ಗುತ್ತೆ. ಪ್ರತಿ ಇಳಿಜಾರಿನ ಮೇಲೂ ಸೀಮೆಸುಣ್ಣದಲ್ಲಿ 10 ಅಡಿಗೆ 10 ಅಡಿ ಚೌಕ ಹಾಕು, ಮಂಡಿಯೂರು, ಅಂಗೈ ಆಡಿಸು, ಸಿಕ್ಕಿದ ಪೆಟ್ಟಿಗೆ ದುಂಡಗೆ ಗುರುತು ಮಾಡು, ಎಣಿಸು, ಫೋಟೋ ತೆಗಿ. ಸೂರಿನ ಲೆಕ್ಕ ಎಲ್ಲಾ ಈ ನೂರು ಚದರಡಿಯಲ್ಲೇ ನಡೆಯೋದು, ಅದಕ್ಕೆ ಒಂದು ಸ್ಕ್ವೇರ್ ಅಂತ ಹೆಸರು.

ಇಲ್ಲಿ ಮೋಸ ಹೋಗೋಕೆ ದಾರಿ ಬೇಕಾದಷ್ಟಿದೆ. ಬಿಸಿಲಿಗೆ ಶಿಂಗಲ್ ಒಳಗಿನ ಆವಿ ಉಬ್ಬಿ ಗುಳ್ಳೆ ಒಡೆದ್ರೂ ಕಪ್ಪು ಚುಕ್ಕೆ ಬರುತ್ತೆ, ಆದ್ರೆ ಅದು ಅಂಚು ಕಡಿದಾದ ಸಣ್ಣ ಗುಳಿ, ಸುತ್ತ ಒತ್ತಿದ್ರೆ ಗಟ್ಟಿ. ಯಾರೋ ಸುತ್ತಿಗೆಯಲ್ಲಿ ಹೊಡೆದಿದ್ರೂ ಚುಕ್ಕೆ ಬರುತ್ತೆ, ಆದ್ರೆ ಆ ಪೆಟ್ಟುಗಳೆಲ್ಲಾ ಒಂದೇ ಗಾತ್ರ, ಕೈ ಸುಲಭವಾಗಿ ಹೋಗೋ ಜಾಗದಲ್ಲಿ, ಶಿಂಗಲ್ ನಡುವಿಗೇ ಸರಿಯಾಗಿ, ಪಕ್ಕದ ತಗಡಿನ ಮೇಲೆ ಒಂದೂ ಇರಲ್ಲ. ಆಲಿಕಲ್ಲು ಶಿಂಗಲ್ಲನ್ನ ಆರಿಸಿ ಹೊಡೆಯಲ್ಲ. ಅದಕ್ಕೇ ಮೊದಲು ನೆಲದ ಮೇಲೆ ಒಂದು ಸುತ್ತು ಹಾಕಿ ಅಂತೀನಿ: ಎಸಿಯ ಹೊರಗಿನ ಪೆಟ್ಟಿಗೆಯ ತೆಳು ಅಲ್ಯೂಮಿನಿಯಂ ರೆಕ್ಕೆ ಯಾವ ಕಡೆ ಬಾಗಿದೆ, ಮಳೆನೀರಿನ ದೋಣಿ ತಗ್ಗಿದೆಯಾ, ಕಿಟಕಿ ಜಾಲರಿ ಹರಿದಿದೆಯಾ, ಹಿಂದಿನ ಮರದ ಬೇಲಿ ಮೇಲೆ ಬಿಳಿಚಿದ ದುಂಡು ಕಲೆ ಇದೆಯಾ. ಈ ಬೇಲಿ ಕಲೆ ನಂಗೆ ಬಹಳ ಇಷ್ಟದ ಸಾಕ್ಷಿ. ವರ್ಷಗಟ್ಟಲೆ ಬಿಸಿಲು ಮಳೆಗೆ ಬೂದು ಬಣ್ಣ ಕಟ್ಟಿದ ಮರ, ಆಲಿಕಲ್ಲು ತಾಗಿದ ಕಡೆ ಆ ಬೂದು ಎದ್ದು ಹೋಗಿ ಒಳಗಿನ ತಿಳಿ ಬಣ್ಣ ಕಾಣುತ್ತೆ. ಕಲೆಯ ಗಾತ್ರ ನೋಡಿದ್ರೆ ಕಲ್ಲು ಎಷ್ಟು ದೊಡ್ಡದಿತ್ತು ಅನ್ನೋ ಅಂದಾಜು ಸಿಗುತ್ತೆ, ಯಾವ ಬದಿಯ ಬೇಲಿ ಮೇಲಿದೆ ಅನ್ನೋದ್ರಲ್ಲಿ ಬಿರುಗಾಳಿ ಎಲ್ಲಿಂದ ಬಂತು ಅಂತ ಸಿಗುತ್ತೆ, ಇನ್ನು ಕೆಲವು ತಿಂಗಳಲ್ಲಿ ಆ ಕಲೆ ಮಾಸಿಹೋಗೋದ್ರಿಂದ ಇದು ಹೊಸದು ಅಂತಾನೂ ಗೊತ್ತಾಗುತ್ತೆ. ಒಂದು ಬೇಲಿ, ಮೂರು ಉತ್ತರ.

ಈ ಬೇಲಿ ಪಾಠ ನಾನು ಕಲಿತದ್ದು ತಪ್ಪು ಮಾಡಿ. 2013ರ ವಸಂತ, ಕೆಲಸಕ್ಕೆ ಸೇರಿ ಒಂದು ವರ್ಷ. ದಿನಕ್ಕೆ ಆರೇಳು ಸೂರು ಹತ್ತಿಸ್ತಿದ್ರು. ಸಂಜೆ ಐದು ಗಂಟೆಗೆ ಕೊನೇ ಮನೆ, ಒಬ್ಬ ರಿಟೈರಾದ ಬಸ್ ಡ್ರೈವರ್‌ದು, ಶಿಂಗಲ್ ನೋಡಿದ್ರೆ ಹಳೇದು, ಮೂಲೆ ಮುದುರಿದೆ. ಕೆಳಗೆ ನಿಂತಾಗಲೇ ನನ್ನ ತಲೆಯಲ್ಲಿ ಸವೆತ ಅನ್ನೋ ಪದ ಬಂದಾಗಿತ್ತು. ಮುಂದಿನ ಇಳಿಜಾರು ಹತ್ತಿದೆ, ಚೌಕ ಹಾಕಿದೆ, ಏನೂ ಸಿಗಲಿಲ್ಲ. ಹಿಂದಿನ ಇಳಿಜಾರು ಕಡಿದಾಗಿತ್ತು, ಅಲ್ಲಿಗೆ ಹೋಗದೆ ಸೂರಿನ ನೆತ್ತಿಯಿಂದಾನೇ ಇಣುಕಿ ನೋಡಿ ಇಳಿದೆ. ಹಿತ್ತಲಿಗೆ ಕಾಲಿಡಲೇ ಇಲ್ಲ. ರಿಪೋರ್ಟಲ್ಲಿ ಆಲಿಕಲ್ಲಿನ ಹಾನಿ ಕಂಡುಬಂದಿಲ್ಲ, ಸವೆತ, ಅಂತ ಬರೆದೆ. ಕ್ಲೈಮ್ ತಿರಸ್ಕಾರ ಆಯ್ತು. ಆ ಯಜಮಾನ್ರು ಬಿಡಲಿಲ್ಲ, ಮೂರು ತಿಂಗಳ ಮೇಲೆ ಎಂಜಿನಿಯರ್ ಬಂದು ನೋಡಿದ್ರೆ ಹಿಂದಿನ ಇಳಿಜಾರಲ್ಲಿ ಒಂದು ಚೌಕಕ್ಕೆ 11 ಪೆಟ್ಟು. ಹಿತ್ತಲ ಬೇಲಿ ತುಂಬಾ ಕಲೆ ಇತ್ತಂತೆ, ಮಸುಕಾಗಿದ್ರೂ ಕಾಣ್ತಿತ್ತು. ಅಷ್ಟರಲ್ಲಿ ಮೊಮ್ಮಗಳು ಮಲಗೋ ಕೋಣೆಯ ಸೀಲಿಂಗಿಗೆ ನೀರು ಇಳಿದಿತ್ತು. ದುಡ್ಡು ಕೊನೆಗೆ ಸಿಕ್ತು, ಆದ್ರೆ ಆ ಮೂರು ತಿಂಗಳು ಆ ಮನೆ ಕಳೆದದ್ದನ್ನ ಯಾವ ಚೆಕ್ಕಲ್ಲೂ ಬರೆಯೋಕಾಗಲ್ಲ. ನಾನು ಆ ಫೈಲನ್ನ ಹೆಸರು ವಿಳಾಸ ಅಳಿಸಿ ಪ್ರತಿ ಬ್ಯಾಚಿಗೂ ತೋರಿಸ್ತೀನಿ, ಬರೆದವನು ನಾನೇ ಅಂತ ಹೇಳೇ ತೋರಿಸ್ತೀನಿ. ಸುಳ್ಳು ಬರೆದಿರಲಿಲ್ಲ ನಾನು. ಕಂಡುಬಂದಿಲ್ಲ ಅನ್ನೋದು ನಿಜಾನೇ, ನೋಡದೇ ಇದ್ರೆ ಏನೂ ಕಂಡುಬರಲ್ಲ.

ಕಂಡದ್ದನ್ನ ಕಾಯೋದು ಯಾಕೆ ಮುಖ್ಯ ಅನ್ನೋಕೆ ಇನ್ನೊಂದು ದೊಡ್ಡ ಉದಾಹರಣೆ ಕೊಡ್ತೀನಿ, ಇದು ಕೋರ್ಟ್ ದಾಖಲೆಯಲ್ಲಿರೋದು. 2012ರ ಅಕ್ಟೋಬರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್, ನ್ಯೂಜೆರ್ಸಿ ಕರಾವಳಿಗೆ ಬಡಿದಾಗ ಲಾಂಗ್ ಬೀಚ್ ಅನ್ನೋ ಊರಲ್ಲಿ ಒಂದು ಮನೆಗೆ ಪ್ರವಾಹದ ಪೆಟ್ಟು ಬಿತ್ತು. ಮನೆಗೆ ಹೋಗಿ ಕಣ್ಣಾರೆ ನೋಡಿದ ಎಂಜಿನಿಯರ್ ಬರೆದ ಮೊದಲ ರಿಪೋರ್ಟ್, ನೀರಿನ ರಭಸಕ್ಕೆ ಕಟ್ಟಡದ ರಚನೆಗೇ ಹಾನಿಯಾಗಿದೆ ಅಂದಿತ್ತು. ಆಮೇಲೆ ಆ ಮನೆ ಒಮ್ಮೆಯೂ ನೋಡದ ಇನ್ನೊಬ್ಬ ಎಂಜಿನಿಯರ್ ಆಫೀಸಲ್ಲಿ ಕೂತು ಅದನ್ನ ತಿದ್ದಿ ತಿರುಗುಮುರುಗು ಮಾಡಿದ, ಪ್ರವಾಹದಿಂದಲ್ಲ, ಮೊದಲಿಂದ ಇದ್ದ ಸವೆತ ಅಂತ. ಮನೆಯವ್ರ ಕೈಗೆ ಬಂದದ್ದು ಎರಡನೇದು. 2014ರ ನವೆಂಬರಲ್ಲಿ ಫೆಡರಲ್ ಕೋರ್ಟಿನ ಮ್ಯಾಜಿಸ್ಟ್ರೇಟ್ ಜಡ್ಜ್ ಒಬ್ರು ಇದನ್ನ ಬಯಲಿಗೆಳೆದು ಕಟುವಾಗಿ ಆದೇಶ ಬರೆದ್ರು, ಇಂಥ ರಿಪೋರ್ಟ್‌ಗಳು ಇನ್ನೂ ಇರಬಹುದು ಅನ್ನೋ ಗುಲ್ಲೆದ್ದು 2015ರಲ್ಲಿ ಫೆಮಾ, ಅಂದ್ರೆ ಸರ್ಕಾರದ ವಿಪತ್ತು ನಿರ್ವಹಣೆ ಸಂಸ್ಥೆ, ಸ್ಯಾಂಡಿಯ ಪ್ರವಾಹ ಕ್ಲೈಮುಗಳನ್ನ ಮರುಪರಿಶೀಲನೆಗೆ ತೆರೀಬೇಕಾಯ್ತು. 2022ರಲ್ಲಿ ಇಯಾನ್ ಚಂಡಮಾರುತ ಬಂದ ಮೇಲೆ ಫ್ಲೋರಿಡಾದಲ್ಲೂ ಅಡ್ಜಸ್ಟರುಗಳು ಶಾಸಕರ ಮುಂದೆ ನಿಂತು ನಾವು ಬರೆದ ಎಸ್ಟಿಮೇಟ್ ಮೇಲಿನವ್ರು ಬದಲಾಯಿಸಿದ್ರು ಅಂತ ಹೇಳಿದ್ರು, 2023ರಲ್ಲಿ ಅಲ್ಲಿ ಕಾನೂನೇ ಬಂತು: ಅಡ್ಜಸ್ಟರ್ ರಿಪೋರ್ಟ್ ಬದಲಾಯಿಸಿದ್ರೆ ಯಾಕೆ ಅಂತ ವಿವರ ಬರೆದಿಡಬೇಕು.

ಇದನ್ನ ಹೇಳಿ ನಾನು ಹುಡುಗರಿಗೆ ಹೇಳೋದು, ನಿನ್ನ ಎಡಗಡೆ ಕಾಲಂ ಗಟ್ಟಿಯಾಗಿದ್ರೆ ಬಲಗಡೆದನ್ನ ಯಾರು ತಿದ್ದಿದ್ರೂ ಸಿಕ್ಕಿಬೀಳ್ತಾರೆ. ಪ್ರತಿ ಫೋಟೋಗೂ ಅಡಿಬರಹ ಹಾಕು, ಯಾವ ಇಳಿಜಾರು, ಯಾವ ದಿಕ್ಕು, ಎಷ್ಟು. ಡೆಸ್ಕಲ್ಲಿ ಕೂತವ್ರಿಗೆ ಮನೆ ಕಾಣಲ್ಲ, ನೀನು ಬರೆದದ್ದೇ ಅವ್ರಿಗೆ ಮನೆ.

ಇನ್ನು ಲೆಕ್ಕ. ಎಕ್ಸಾಕ್ಟಿಮೇಟ್ ಅಂತ ಒಂದು ಸಾಫ್ಟ್‌ವೇರ್ ಇದೆ, ಇಲ್ಲಿ ಬಹುತೇಕ ಕಂಪನಿಗಳು ಅದನ್ನೇ ಬಳಸೋದು, ಕೋಣೆಯ ನಕ್ಷೆ ಬಿಡಿಸಿದ್ರೆ ಗೋಡೆ, ಬಣ್ಣ, ನೆಲದ ಅಂಚುಪಟ್ಟಿ ಎಲ್ಲಕ್ಕೂ ಆ ಊರಿನ ಆ ತಿಂಗಳ ರೇಟು ಕೊಡುತ್ತೆ. ಅದು ಹದಿನೈದು ದಿನಕ್ಕೆ ಕೈಗೆ ಬರುತ್ತೆ, ಅದರ ಬಗ್ಗೆ ಬರೆಯೋಕೆ ಹೆಚ್ಚೇನಿಲ್ಲ. ಕಷ್ಟ ಇರೋದು ಆ ಲೆಕ್ಕ ಮನೆಯವ್ರಿಗೆ ಹೇಳೋದ್ರಲ್ಲಿ. ಒಂದು ಮನೆ 4 ಲಕ್ಷ ಡಾಲರಿಗೆ ಇನ್ಶೂರ್ ಆಗಿದೆ, ಆಲಿಕಲ್ಲಿನ ಡಿಡಕ್ಟಿಬಲ್ 1 ಪರ್ಸೆಂಟ್, ಅಂದ್ರೆ 4,000 ಮನೆಯವ್ರ ಕೈಯಿಂದ. ಹೊಸ ಸೂರಿಗೆ 20,000. ಸೂರು ಅರ್ಧ ಆಯಸ್ಸು ಮುಗಿಸಿದೆ ಅಂದ್ರೆ ಸವಕಳಿ 10,000. ಮೊದಲ ಚೆಕ್ ಬರೋದು 6,000. ಸೂರು ಹಾಕಿಸಿ ಬಿಲ್ ಕೊಟ್ಟ ಮೇಲೆ ಹಿಡಿದಿಟ್ಟ ಆ 10,000 ಬರುತ್ತೆ, ಅದೂ ಅವ್ರ ಪಾಲಿಸಿ ಪೂರ್ತಿ ಬದಲಿ ಬೆಲೆ ಕೊಡೋ ಥರದ್ದಾಗಿದ್ರೆ. ಈ ಕೊನೇ ಮಾತು ಹೇಳದೆ 6,000ದ ಚೆಕ್ ಕಳಿಸಿದ್ರೆ ಆ ಮನೆಯವ್ರು ಏನನ್ಕೋತಾರೆ ಯೋಚಿಸಿ, ಇಪ್ಪತ್ತು ಸಾವಿರದ ಕೆಲಸಕ್ಕೆ ಆರು ಸಾವಿರ ಕೊಟ್ಟು ಕೈತೊಳ್ಕೊಂಡ್ರು ಅಂತ. ಎಷ್ಟೋ ಜನ ಬಾಕಿ ದುಡ್ಡು ಇದೆ ಅಂತಾನೇ ಗೊತ್ತಿಲ್ದೆ ಬಿಟ್ಟುಬಿಟ್ಟಿರ್ತಾರೆ. ಅದಕ್ಕೆ ನನ್ನ ಕ್ಲಾಸಲ್ಲಿ ಪ್ರತಿಯೊಬ್ಬರೂ ಈ ಲೆಕ್ಕನ ಒಂದು ಖಾಲಿ ಹಾಳೆ ಮೇಲೆ ಪೆನ್ನಲ್ಲಿ ಬರೆದು, ಎದುರು ಕೂತವ್ರು ವಾಪಸ್ ಅದನ್ನ ತಮ್ಮ ಮಾತಲ್ಲಿ ಹೇಳೋ ತನಕ ವಿವರಿಸ್ಬೇಕು. ಹೂಂ ಅಂದ್ರೆ ಸಾಲದು. ದುಃಖದಲ್ಲಿರೋ ಮನುಷ್ಯ ಎಲ್ಲಕ್ಕೂ ಹೂಂ ಅಂತಾನೆ.

2021ರ ಫೆಬ್ರವರಿ ನೆನಪಾಗುತ್ತೆ. ಟೆಕ್ಸಸಿಗೆ ಆ ಥರ ಚಳಿ ಅಭ್ಯಾಸ ಇಲ್ಲ, 16ನೇ ತಾರೀಕು ಬೆಳಿಗ್ಗೆ ಡಾಲಸಲ್ಲಿ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗೆ, ಮೇಲಿಂದ ಕರೆಂಟ್ ಹೋಯ್ತು. ಇಲ್ಲಿನ ಮನೆಗಳಲ್ಲಿ ನೀರಿನ ಪೈಪು ಅಟ್ಟದಲ್ಲಿ ಹಾದುಹೋಗೋದು ಸಾಮಾನ್ಯ, ಒಳಗೆ ನೀರು ಹೆಪ್ಪುಗಟ್ಟಿ ಪೈಪು ಸೀಳ್ತು, ಎರಡು ದಿನ ಬಿಟ್ಟು ಬಿಸಿಲು ಬಂದು ಕರಗಿದ್ದೇ ತಡ ಸೀಲಿಂಗ್ ಮುರ್ಕೊಂಡು ನೀರು ಕೆಳಗೆ. ಹೊಸಬರು ಹಳಬರು ಅಂತಿಲ್ದೆ ಎಲ್ರನ್ನೂ ಬೀದಿಗಿಳಿಸಿದ್ರು, ನಾನೂ ಒಬ್ಬ ಟ್ರೈನಿ ಹುಡುಗನ ಜೊತೆ ಹೋದೆ.

ಫ್ರಿಸ್ಕೋದಲ್ಲಿ ಒಂದು ಕನ್ನಡದವರ ಮನೆ. ದೇವರ ಮನೆ ಮೇಲಿನ ಸೀಲಿಂಗೇ ಬಿದ್ದಿತ್ತು, ಇನ್ಸುಲೇಶನ್ ಹತ್ತಿ ಗುಲಾಬಿ ಕೆಸರಾಗಿ ಮಂಟಪದ ಮೇಲೆ, ಪಟಗಳ ಮೇಲೆ, ಮೂಲೆಯಲ್ಲಿಟ್ಟಿದ್ದ ವೀಣೆ ಮೇಲೆ. ಆ ತಾಯಿ ಎಪ್ಪತ್ತರ ಆಸುಪಾಸು, ಮಗಳ ಮನೆಗೆ ಬಂದು ನೆಲೆಸಿದವ್ರು, ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ರು, ಏನೂ ಮಾತಾಡ್ತಿರಲಿಲ್ಲ. ಹುಡುಗ ಚುರುಕಾಗಿ ಸಾಮಾನಿನ ಪಟ್ಟಿ ಮಾಡ್ತಾ ಹೋದ, ಟಿವಿ, ಸೋಫಾ, ಕಾರ್ಪೆಟ್, ಒಂದೊಂದಕ್ಕೂ ವಯಸ್ಸು ಬೆಲೆ. ವೀಣೆ ಹತ್ರ ಬಂದಾಗ ಲಿಸ್ಟಲ್ಲಿ ಹುಡುಕಿ, ಸಿಗದೆ, ಹತ್ತಿರದ್ದು ಅಂತ ಅಕೌಸ್ಟಿಕ್ ಗಿಟಾರ್ ಅಂತ ಹಾಕಿದ. ನಾನು ಪಕ್ಕದಲ್ಲೇ ನಿಂತು ನೋಡ್ತಿದ್ದೆ. ಅವನದ್ದು ಕೆಟ್ಟ ಮನಸ್ಸಲ್ಲ, ಅವನಿಗೆ ಅದು ತಂತಿ ಇರೋ ಮರದ ವಾದ್ಯ. ನಾನು ಅವನಿಗೆ ಇದೇನು ಅಂತ ನಾನೇ ಹೇಳಬಹುದಿತ್ತು, ಹೇಳಲಿಲ್ಲ, ಅವ್ರನ್ನ ಕೇಳು ಅಂದೆ. ಏನಂತ ಕೇಳ್ಲಿ ಅಂದ. ಇದು ಯಾತರಿಂದ ಮಾಡಿದ್ದು ಅಂತ ಕೇಳು.

ಅವನು ಮಂಡಿಯೂರಿ ಕೂತು ಕೇಳಿದ. ಮಗಳು ಇಂಗ್ಲಿಷಲ್ಲಿ ಹೇಳೋಕೆ ಹೊರಟಾಗ ಆ ತಾಯಿ ಕೈ ಅಡ್ಡ ಇಟ್ಟು ತಾವೇ ಹೇಳಿದ್ರು, ಕನ್ನಡದಲ್ಲಿ, ನಾನು ಅನುವಾದ ಮಾಡ್ದೆ. ಹಲಸಿನ ಮರ. ಏಕಾಂಡ ವೀಣೆ, ಅಂದ್ರೆ ಕೊಡ, ದಂಡಿ, ತಲೆ ಎಲ್ಲಾ ಒಂದೇ ದಿಮ್ಮಿಯಲ್ಲಿ ಕೊರೆದದ್ದು, ಎಲ್ಲೂ ಬೆಸುಗೆ ಇಲ್ಲ. 24 ಮೆಟ್ಟಿಲು, ಕರಿ ಮೇಣದ ಮೇಲೆ ಕೂರಿಸಿರೋದು. ಮೈಸೂರಲ್ಲಿ ತಗೊಂಡದ್ದು, ಮದುವೆಗೆ ಮುಂಚೆ, ಅವ್ರ ತಂದೆ ಸಂಬಳದಲ್ಲಿ ತಿಂಗಳಾ ಇಷ್ಟು ಅಂತ ಎತ್ತಿಟ್ಟು ಕೊಡಿಸಿದ್ದು. ಹುಡುಗ ಕೊಡದ ಮೇಲೆ ಟಾರ್ಚ್ ಬಿಟ್ಟು ನೋಡಿದ, ಉದ್ದಕ್ಕೆ ಎರಡು ಕಡೆ ಬಿರುಕು, ಮರ ನೀರು ಕುಡಿದು ಉಬ್ಬಿತ್ತು. ಅವನು ಗಿಟಾರ್ ಅನ್ನೋದನ್ನ ಅಳಿಸಿ ಟೈಪ್ ಮಾಡ್ದ, ವೀಣೆ, ಒಂದೇ ಹಲಸಿನ ದಿಮ್ಮಿಯಲ್ಲಿ ಕೊರೆದದ್ದು, ಬೆಸುಗೆ ಇಲ್ಲ, ಕೊಡದಲ್ಲಿ ಎರಡು ಬಿರುಕು, 9 ಇಂಚು ಮತ್ತೆ 6 ಇಂಚು. ಮೈಸೂರಿಂದ ಕೊಟೇಶನ್ ತರಿಸಿದ್ವಿ, ಸಾಗಾಣಿಕೆ ಖರ್ಚು ಸೇರಿಸಿದ್ವಿ, ಪಾಸಾಯ್ತು. ಅದೇ ಥರದ್ದು, ಅದೇ ಗುಣಮಟ್ಟದ್ದು ಕೊಡ್ಬೇಕು ಅಂತ ಪಾಲಿಸಿಯಲ್ಲೇ ಬರೆದಿರುತ್ತೆ, ಆದ್ರೆ ಏನು ಥರ ಏನು ಗುಣ ಅಂತ ಅಡ್ಜಸ್ಟರ್ ಕೇಳಿ ತಿಳ್ಕೊಂಡಿದ್ರೆ ತಾನೇ.

ಅವತ್ತು ಕಾರಲ್ಲಿ ವಾಪಸ್ ಬರ್ತಾ ಹುಡುಗ ತುಂಬಾ ಹೊತ್ತು ಸುಮ್ನಿದ್ದು, ಇನ್ನೂ ಎಷ್ಟು ಮನೆಯಲ್ಲಿ ನಾನು ಗಿಟಾರ್ ಅಂತ ಬರೆದಿರ್ತೀನೋ ಅಂದ. ನಂಗೆ ಅವನು ಅಡ್ಜಸ್ಟರ್ ಆದ ಅನ್ನಿಸಿದ್ದು ಆ ಕ್ಷಣ.

ಎಲ್ಲಾ ಕಡೆ ಹಿಂಗೆ ಒಳ್ಳೇ ಸುದ್ದಿ ಕೊಡೋಕಾಗಲ್ಲ. ಅತಿ ಕಷ್ಟದ ಪಾಠ ಇಲ್ಲ ಅನ್ನೋದನ್ನ ಹೇಳೋದು. ಇಲ್ಲಿನ ಮಾಮೂಲಿ ಮನೆ ಪಾಲಿಸಿಯಲ್ಲಿ ಪ್ರವಾಹ ಇಲ್ಲ, ಭೂಕಂಪ ಇಲ್ಲ, ಗುಡ್ಡ ಕುಸಿತ ಇಲ್ಲ. ಪ್ರವಾಹಕ್ಕೆ 1968ರಿಂದ ಸರ್ಕಾರದ್ದೇ ಬೇರೆ ಯೋಜನೆ ಇದೆ, ಒಂಟಿ ಕುಟುಂಬದ ಮನೆ ಕಟ್ಟಡಕ್ಕೆ ಹೆಚ್ಚಂದ್ರೆ 2,50,000 ಡಾಲರ್, ಸಾಮಾನಿಗೆ 1,00,000, ಅದನ್ನ ಬೇರೆಯಾಗಿ ಕೊಂಡಿರ್ಬೇಕು. 2017ರ ಆಗಸ್ಟ್ 25ಕ್ಕೆ ಹಾರ್ವಿ ಚಂಡಮಾರುತ ರಾಕ್‌ಪೋರ್ಟ್ ಹತ್ರ ದಡ ಮುಟ್ಟಿ, ಆಮೇಲೆ ಹ್ಯೂಸ್ಟನ್ ಸುತ್ತ ಮುತ್ತ ಕದಲದೆ ಕೂತು ಸುರೀತು, ನೆಡರ್‌ಲ್ಯಾಂಡ್ ಅನ್ನೋ ಊರಲ್ಲಿ 60 ಇಂಚಿಗೂ ಮೇಲೆ ಮಳೆ. ಆಗುಂಬೆ ಸುತ್ತ ಬೆಳೆದ ನಂಗೂ ಆ ಲೆಕ್ಕ ಕೇಳಿ ಎದೆ ಝಲ್ ಅಂತು, ಒಂದು ವಾರದೊಳಗೆ ಅಷ್ಟು ಮಳೆ ಅಂದ್ರೆ. ಮುಳುಗಿದ ಮನೆಗಳಲ್ಲಿ ಬಹಳಷ್ಟಕ್ಕೆ ಪ್ರವಾಹದ ಪಾಲಿಸಿ ಇರಲಿಲ್ಲ. ನಾನು ಎದೆ ಮಟ್ಟ ನೀರಿನ ಗುರುತಿದ್ದ ಗೋಡೆಗಳ ಮುಂದೆ ನಿಂತು, ಇಪ್ಪತ್ತು ವರ್ಷ ಪ್ರೀಮಿಯಂ ಕಟ್ಟಿದೀನಿ ಅಂತ ರಸೀದಿ ತೋರಿಸೋರಿಗೆ, ಇದಕ್ಕೆ ನಿಮ್ಮ ಪಾಲಿಸಿಯಲ್ಲಿ ಜಾಗ ಇಲ್ಲ ಅಂತ ಹೇಳಿದೀನಿ. ಹಂಗೆ ಹೇಳೋ ಮುಂಚೆ ಸೂರು ಹತ್ತಬೇಕು ಅಂತ ಕಲಿಸ್ತೀನಿ. ಗಾಳಿಗೆ ನಾಲ್ಕು ಶಿಂಗಲ್ ಎದ್ದು ಮೇಲಿನ ಕೋಣೆ ನೆನೆದಿದ್ರೆ ಅಷ್ಟಕ್ಕಾದ್ರೂ ದುಡ್ಡು ಸಿಗಬಹುದು. ಫೆಮಾ ಅರ್ಜಿ ಹೇಗೆ ಅಂತ ಹೇಳಿ. ಒಂದು ಮನೆಯಿಂದ ಬರಿಗೈಯಲ್ಲಿ ಹೊರಡೋ ಮುಂಚೆ ಹುಡುಕೋದು ಎಲ್ಲಾ ಹುಡುಕಿರ್ಬೇಕು, ಹುಡುಕಿದ್ದು ಅವ್ರಿಗೆ ಕಂಡಿರ್ಬೇಕು.

ಇಲ್ಲಿ ಊರಿನ ಓದುಗರಿಗೆ ಒಂದು ಮಾತು ಹೇಳ್ಬೇಕು, ಯಾಕಂದ್ರೆ 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಜಾರಿ ಮನೆಗಳು ಮಣ್ಣುಪಾಲಾದ ಫೋಟೋ ನೋಡ್ತಾ ನಾನು ಇಲ್ಲಿ ಕೂತು ಇದನ್ನೇ ಯೋಚಿಸ್ತಿದ್ದೆ. 2021ರ ಏಪ್ರಿಲ್ 1ರಿಂದ ಭಾರತದಲ್ಲಿ ಭಾರತ್ ಗೃಹ ರಕ್ಷಾ ಅಂತ ಒಂದು ಸ್ಟ್ಯಾಂಡರ್ಡ್ ಮನೆ ಪಾಲಿಸಿ ಬಂದಿದೆ. ಅದರಲ್ಲಿ ಬೆಂಕಿ ಜೊತೆಗೆ ಪ್ರವಾಹ, ಭೂಕಂಪ, ಗುಡ್ಡ ಕುಸಿತ ಎಲ್ಲಾ ಒಂದೇ ಪಾಲಿಸಿಯೊಳಗೆ ಸೇರಿದೆ, ಇಲ್ಲಿ ನಾನು ಇಲ್ಲ ಇಲ್ಲ ಅಂತ ಹೇಳ್ಕೊಂಡು ತಿರುಗಿದ್ದೆಲ್ಲಾ ಅಲ್ಲಿ ಇದೆ. ಮನೆಗೆ ಇನ್ಶೂರೆನ್ಸ್ ಮಾಡಿಸಿದ್ರೆ ಸಾಮಾನಿಗೂ ಅದರ 20 ಪರ್ಸೆಂಟ್, ಗರಿಷ್ಠ 10 ಲಕ್ಷ ರೂಪಾಯಿ ತನಕ, ತಾನಾಗೇ ಸೇರುತ್ತೆ. ದೊಡ್ಡ ನಷ್ಟ ಆದಾಗ ಐಆರ್‌ಡಿಎಐ, ಅಂದ್ರೆ ಭಾರತದ ವಿಮಾ ನಿಯಂತ್ರಣ ಸಂಸ್ಥೆಯ, ಲೈಸೆನ್ಸ್ ಇರೋ ಸರ್ವೇಯರ್ ಬಂದು ರಿಪೋರ್ಟ್ ಕೊಡ್ಬೇಕು, ಅದು 1938ರ ವಿಮಾ ಕಾಯ್ದೆಯಲ್ಲೇ ಇರೋ ನಿಯಮ. ಅವ್ರು ಬಂದಾಗ ಹಿತ್ತಲೂ ತೋರಿಸಿ, ಅಟ್ಟಾನೂ ತೋರಿಸಿ, ಕೆಸರು ಬಾಚೋ ಮುಂಚೆ ಗೋಡೆ ಮೇಲಿನ ನೀರಿನ ಗುರುತಿಗೆ ಟೇಪ್ ಹಿಡಿದು ಫೋಟೋ ತೆಗೆದಿಡಿ.

ಈಗೀಗ ಡ್ರೋನ್ ಬಂದಿದೆ, ವಿಮಾನದಿಂದ ತೆಗೆದ ಫೋಟೋದಲ್ಲೇ ಸೂರಿನ ಅಳತೆ ಇಂಚು ಲೆಕ್ಕದಲ್ಲಿ ಬರುತ್ತೆ, ಫೋಟೋ ನೋಡಿ ಪೆಟ್ಟು ಗುರುತಿಸೋ ಸಾಫ್ಟ್‌ವೇರ್ ಬಂದಿದೆ. ಕಡಿದಾದ ಸೂರಿಂದ ಬಿದ್ದು ಸೊಂಟ ಮುರ್ಕೊಂಡವ್ರನ್ನ ನಾನು ಬಲ್ಲೆ, ಆ ಹಿಂದಿನ ಇಳಿಜಾರನ್ನ 2013ರಲ್ಲಿ ಡ್ರೋನ್ ಇದ್ದಿದ್ರೆ ನಾನೂ ನೋಡಿರ್ತಿದ್ದೆ, ಹಂಗಾಗಿ ಇವು ಬೇಡ ಅನ್ನಲ್ಲ, ಕಲಿಸ್ತೀನಿ. ಆದ್ರೆ ಸಪೋಟದ ಮೆತ್ತಗೆ ಫೋಟೋದಲ್ಲಿ ಬರಲ್ಲ. ಮನೆಗೇ ಹೋಗದೆ ವಿಡಿಯೋ ಕಾಲಲ್ಲಿ ಕ್ಲೈಮ್ ಮುಗಿಸೋ ಬ್ಯಾಚುಗಳು ಬರ್ತಿವೆ, ಅವ್ರನ್ನ ಆ ಗೋಡೌನ್ ಮನೆಯಲ್ಲಿ ನಾನು ಇನ್ನೂ ಎರಡು ದಿನ ಜಾಸ್ತಿ ಇರಿಸ್ತೀನಿ, ಕೈಗೆ ಒಮ್ಮೆ ಗೊತ್ತಾದ್ರೆ ಫೋಟೋದಲ್ಲಿ ಏನು ಕಾಣ್ತಿಲ್ಲ ಅಂತಾದ್ರೂ ಗೊತ್ತಾಗ್ಲಿ ಅಂತ.

ಹೋದ ತಿಂಗಳ ಬ್ಯಾಚಲ್ಲಿ ಒಬ್ಬಳು ಹುಡುಗಿ, ಮೊದಲು ನರ್ಸಿಂಗ್ ಹೋಮಲ್ಲಿ ಕೆಲಸ ಮಾಡ್ತಿದ್ದವಳು. ಮೊನ್ನೆ ಮಂಗಳವಾರ ಆಲಿಕಲ್ಲು ಬಿತ್ತಲ್ಲ, ಮಾರನೇ ದಿನ ಮಧ್ಯಾಹ್ನ ಡೆಂಟನ್ ಕಡೆಯಿಂದ ಫೋನ್ ಮಾಡಿದ್ಲು, ಗಾಳಿ ಸದ್ದಲ್ಲಿ ಅರ್ಧ ಮಾತು ಕೇಳಿಸ್ತಿರಲಿಲ್ಲ. ದಕ್ಷಿಣದ ಇಳಿಜಾರಲ್ಲಿ ಚೌಕಕ್ಕೆ 2, ಪೂರ್ವದಲ್ಲಿ ಏನಿಲ್ಲ, ದೋಣಿ ತಗ್ಗಿಲ್ಲ, ಎಸಿ ರೆಕ್ಕೆ ಬಾಗಿಲ್ಲ, ಅಂತ ಓದಿದ್ಲು. ಸೂಪರ್‌ವೈಸರ್ ಇನ್ನೂ ಮೂರು ಮನೆ ಇದೆ ಬೇಗ ಮುಗಿಸು ಅಂತಿದಾರಂತೆ. ನಾನು ಏನಾದ್ರೂ ಹೇಳೋ ಮುಂಚೆ ಅವಳೇ, ಸರ್, ಪಶ್ಚಿಮದ ಬೇಲಿ ಮೇಲೆ ಕಲೆ ಇದೆ, ಒಂದು ಅಡಿ ಪಟ್ಟಿ ಇಟ್ಟು ಫೋಟೋ ತೆಗ್ದಿದೀನಿ, ಆ ಕಡೆ ಸೂರು ಇನ್ನೂ ನೋಡಿಲ್ಲ, ಬಲಗಡೆ ಕಾಲಂ ಖಾಲಿ ಬಿಟ್ಟಿದೀನಿ, ಏಣಿ ಆ ಕಡೆಗೆ ಹೊತ್ಕೊಂಡು ಹೋಗ್ತಿದೀನಿ, ಇಳಿದ ಮೇಲೆ ಮಾಡ್ತೀನಿ ಅಂತ ಫೋನ್ ಇಟ್ಲು.